ಆ ಮೂರು ದಿನ ಮತ್ತು ಬೆಸುಗೆ ಕ್ಲಾಸು

ಆ ಮಂಗಳವಾರ ಬೆಳಿಗ್ಗೆ ಏಳು ಗಂಟೆಯೊಳಗೆ ನಾನು ಮಾಡಿ ಮುಗಿಸಿದ ಕೆಲಸಗಳು ಇವು: ಫಿಲ್ಟರಿಗೆ ಕಾಫಿಪುಡಿ ಹಾಕಿ ಡಿಕಾಕ್ಷನ್ ಇಳಿಸಿದ್ದು. ಅತ್ತೆಯ ಸ್ನಾನಕ್ಕೆ ಬಿಸಿನೀರು ತಣ್ಣೀರು ಹದ ಮಾಡಿ ಬಕೆಟ್ಟು ತುಂಬಿಸಿದ್ದು. ಶವರಿನ ಕೆಳಗೆ ನಿಂತು ಬಂದರೆ ಅದು ಸ್ನಾನವಲ್ಲ, ಮಳೆಯಲ್ಲಿ ನೆನೆದ ಹಾಗೆ ಎನ್ನುವುದು ಅವರ ಮತ. ಯಜಮಾನರ ಎರಡು ಶರ್ಟಿಗೆ ಇಸ್ತ್ರಿ. ಮಗಳ ಡಬ್ಬಿಗೆ ಬ್ರೆಡ್ಡು, ಪೀನಟ್ ಬಟರು. ಉಳಿದವರಿಗೆ ಉಪ್ಪಿಟ್ಟು. ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿಗೆ ಒಂದು ಲೋಡು ಬಟ್ಟೆ ಹೊತ್ತುಕೊಂಡು ಹೋಗಿ ಮೆಷಿನ್ನಿಗೆ ಹಾಕಿ ಬಂದದ್ದು. ದೇವರ ಮುಂದಿನ ಹಳೇ ಹೂ ತೆಗೆದದ್ದು. ಕಸದ ಚೀಲ ಕೆಳಗಿಳಿಸಿದ್ದು.

ಏಳೂ ಕಾಲಿಗೆ ಬಚ್ಚಲುಮನೆಯಲ್ಲಿ ಗೊತ್ತಾಯಿತು, ಈ ತಿಂಗಳು ಎರಡು ದಿನ ಮೊದಲೇ ಮುಟ್ಟಾಗಿದ್ದೇನೆ ಎಂದು. ಸ್ವಲ್ಪ ಹೊತ್ತು ಬಾಗಿಲ ಚಿಲಕ ಹಿಡಿದುಕೊಂಡು ನಿಂತೆ. ಒಂಬತ್ತು ಗಂಟೆಗೆ ನನಗೆ ಕ್ಲಾಸಿತ್ತು.

ಎಂಬತ್ತರ ದಶಕದ ನಡುವಿನ ಮಾತು. ನಾವು ಆಗ ಸಾಂತಾ ಕ್ಲಾರಾದ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಹದಿನೈದು ನಿಮಿಷ ನಡೆದರೆ ಒಂದು ಹಳೆಯ ಎಲಿಮೆಂಟರಿ ಸ್ಕೂಲು. ಸುತ್ತಮುತ್ತ ಮಕ್ಕಳು ಕಡಿಮೆಯಾದರೆಂದು ಅದನ್ನು ಮುಚ್ಚಿ, ಸ್ಕೂಲ್ ಡಿಸ್ಟ್ರಿಕ್ಟಿನವರು ಅಲ್ಲಿ ದೊಡ್ಡವರಿಗೆ ಪಾಠ ಶುರುಮಾಡಿದ್ದರು. ಒಂದು ಕೋಣೆಯಲ್ಲಿ ಇಂಗ್ಲಿಷು, ಇನ್ನೊಂದರಲ್ಲಿ ಸೋಫಾಕ್ಕೆ ಬಟ್ಟೆ ಹೊಲಿದು ಕೂರಿಸುವುದು, ಮತ್ತೊಂದರಲ್ಲಿ ಮುದುಕರು ಕುರ್ಚಿಯಲ್ಲಿ ಕೂತೇ ಮಾಡುವ ವ್ಯಾಯಾಮ. ಕೊನೆಯ ಕೋಣೆ ನಮ್ಮದು, ಎಲೆಕ್ಟ್ರಾನಿಕ್ಸ್ ಅಸೆಂಬ್ಲಿ. ಅಂದರೆ ಹಸಿರು ಬೋರ್ಡಿನ ತೂತುಗಳಲ್ಲಿ ಸಣ್ಣ ಸಣ್ಣ ಬಿಡಿಭಾಗಗಳನ್ನು ಕೂರಿಸಿ, ಹಿಂಬದಿಯಿಂದ ಬೆಸುಗೆ ಹಾಕುವುದು. ಕುಡಿಯುವ ನೀರಿನ ನಲ್ಲಿ ನಮ್ಮ ಮೊಣಕಾಲಿಗೆ ಬರುತ್ತಿತ್ತು. ನಲವತ್ತು ದಾಟಿದವರೆಲ್ಲ ಸೊಂಟ ಬಗ್ಗಿಸಿ ಕರುವಿನ ಹಾಗೆ ನೀರು ಕುಡಿಯುತ್ತಿದ್ದೆವು.

ಫೀಸಿರಲಿಲ್ಲ. ಸರ್ಕಾರ ಹಾಜರಿ ನೋಡಿ ದುಡ್ಡು ಕೊಡುತ್ತದೆಂದು ಬಾಗಿಲಲ್ಲೇ ಒಂದು ಹಾಳೆ ಇಟ್ಟಿದ್ದರು. ಬಂದ ಹೊತ್ತು, ಹೋಗುವ ಹೊತ್ತು ಬರೆದು ಸಹಿ ಹಾಕಬೇಕು. ಐದು ತಿಂಗಳ ಕೋರ್ಸು, ವಾರದಲ್ಲಿ ನಾಲ್ಕು ದಿನ, ಸೋಮವಾರದಿಂದ ಗುರುವಾರ. ಮುಗಿಸಿದವರಿಗೆ ಮೇಷ್ಟ್ರೇ ಫೋನು ಮಾಡಿ ಎಲ್ಲಾದರೂ ಕೆಲಸಕ್ಕೆ ಸೇರಿಸುತ್ತಿದ್ದರು. ಆದರೆ ಮೂರು ದಿನ ತಪ್ಪಿಸಿದರೆ ಹೆಸರು ಹೊಡೆದು ಕಾಯುವ ಪಟ್ಟಿಯಲ್ಲಿದ್ದ ಮುಂದಿನವರನ್ನು ಕರೆಯುತ್ತಿದ್ದರು. ಮುಂದಿನ ಟರ್ಮಿಗೆ ಈ ಕ್ಲಾಸು ಇರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಒಂದೊಂದು ಕೋಣೆಗೆ ಬೀಗ ಬೀಳುತ್ತಿತ್ತು.

ನನಗೆ ಆ ಕೆಲಸ ಬೇಕಾಗಿತ್ತು. ದುಡ್ಡಿಗಲ್ಲ, ಯಜಮಾನರ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಊರಿನಿಂದ ತಂದ ಬಿ.ಎ. ಸರ್ಟಿಫಿಕೇಟು ಸೂಟ್‌ಕೇಸಿನ ತಳದಲ್ಲಿ ಸೀರೆಗಳ ಕೆಳಗಿತ್ತು, ಅದನ್ನು ಇಲ್ಲಿ ಯಾರೂ ಕೇಳಿರಲಿಲ್ಲ. ಬೆಸುಗೆ ಕೈಗೆ ಹತ್ತಿತು. ಮೊದಲ ದಿನ ಸೀಸ ಕರಗಿ ಹೊಗೆ ಮೂಗಿಗೆ ಬಂದಾಗ ನಮ್ಮ ಬೀದಿಗೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಲು ಬರುತ್ತಿದ್ದವನ ಕುಲುಮೆಯ ನೆನಪಾಯಿತು. ನನ್ನ ಬೋರ್ಡು ನೋಡಿ ಮೇಷ್ಟ್ರು ಕನ್ನಡಕ ಹಣೆಗೆ ಏರಿಸಿ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರು. ಹೂ ಕಟ್ಟಿದ ಕೈ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ವಿವರಿಸಲಿಲ್ಲ.

ಕೋರ್ಸಿನ ಎರಡನೇ ತಿಂಗಳಿಗೆ ಮೈಸೂರಿನಿಂದ ಅತ್ತೆ ಬಂದರು, ಆರು ತಿಂಗಳಿಗೆಂದು. ತಮ್ಮ ತಾಮ್ರದ ಪಂಚಪಾತ್ರೆ, ಮಡಿಸೀರೆ, ಒಂದು ಸೇರು ಅರಿಶಿನ, ಜೊತೆಗೆ ತಮ್ಮ ನಿಯಮಗಳನ್ನೂ ತಂದರು. ಮುಟ್ಟಾದಾಗ ಮೂರು ದಿನ ದೂರ ಕೂರುವುದನ್ನು ನಾನು ವಿಮಾನ ಹತ್ತಿದಂದೇ ಬಿಟ್ಟಿದ್ದೆ. ಯಜಮಾನರು, "ಆರೇ ತಿಂಗಳು ಕಣೇ, ಅಡ್ಜಸ್ಟ್ ಮಾಡ್ಕೊ," ಎಂದರು. ಸರಿ, ಮಾಡಿಕೊಂಡೆ. ಮಗಳ ಕೋಣೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ.

ತೊಡಕಾದದ್ದು ಕಾರ್ಪೆಟ್ಟಿನಿಂದ. ಗೋಡೆಯಿಂದ ಗೋಡೆಗೆ ಒಂದೇ ಕಾರ್ಪೆಟ್ಟು. ನಾನು ಆ ಕೋಣೆಯಲ್ಲಿ ಅದರ ಮೇಲೆ ಕೂತರೆ ಹಾಲಿನಲ್ಲಿ ಅದರ ಮೇಲೆ ನಿಂತವರಿಗೆ ಮೈಲಿಗೆ ತಟ್ಟುತ್ತದೋ ಇಲ್ಲವೋ? ಉಣ್ಣೆಗೆ ದೋಷವಿಲ್ಲ, ರೇಷ್ಮೆಗೆ ಇಲ್ಲ, ಹತ್ತಿಗೆ ಇದೆ.

"ಇದು ಉಣ್ಣೇದೇನೋ?" ಎಂದು ಅತ್ತೆ ಮಗನನ್ನು ಕೇಳಿದರು.

"ನೈಲಾನು, ಅಮ್ಮ."

ನೈಲಾನಿನ ಬಗ್ಗೆ ಹಿರಿಯರು ಏನೂ ಹೇಳಿಹೋಗಿರಲಿಲ್ಲ. ಅತ್ತೆ ಒಂದು ಮಧ್ಯಾಹ್ನವೆಲ್ಲ ಯೋಚಿಸಿ, ಹಾಲಿನಿಂದ ಅಡಿಗೆಮನೆಯವರೆಗೆ ತಾವು ನಡೆಯುವ ದಾರಿಗೆ ನ್ಯೂಸ್‌ಪೇಪರು ಹಾಸಿದರು. ಮೂರು ದಿನ ಮುಗಿದ ಮೇಲೂ ಅದನ್ನು ತೆಗೆಯಲಿಲ್ಲ. ಮಗಳು ಅದರ ಮೇಲೆ ಕುಂಟೆಬಿಲ್ಲೆ ಆಡಿದಳು.

ಆ ಸಲ ನನಗೆ ಎರಡು ಕ್ಲಾಸು ತಪ್ಪಿತು. ಮೂರನೆಯ ದಿನ ಶುಕ್ರವಾರವಾಗಿ ಬದುಕಿಕೊಂಡೆ. ಮೇಷ್ಟ್ರು ಹಾಜರಿ ಹಾಳೆಯ ಮೇಲೆ ಬೆರಳಿಟ್ಟು, "ಇನ್ನೊಂದು ದಿನ ತಪ್ಪಿದರೆ ನನ್ನ ಕೈಯಲ್ಲೂ ಏನೂ ಇಲ್ಲ," ಎಂದು ಮೆಲ್ಲಗೆ ಹೇಳಿದ್ದರು.

ಈಗ ಮಂಗಳವಾರ. ದೂರ ಕೂತರೆ ಮಂಗಳ, ಬುಧ, ಗುರು ಮೂರೂ ಹೋಗುತ್ತಿದ್ದವು. ಹೆಸರು ಹೊಡೆಯಲು ಒಂದು ಹೋದರೂ ಸಾಕಾಗಿತ್ತು.

ಬಚ್ಚಲಿನಿಂದ ಬಂದು ಸುಳ್ಳು ಹೇಳಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಆದರೆ ನಲವತ್ತಮೂರು ವರ್ಷದ ಹೆಂಗಸು ತನ್ನ ಮೈಯ ವಿಷಯಕ್ಕೆ ತನ್ನ ಮನೆಯಲ್ಲೇ ಕಳ್ಳತನ ಮಾಡುವುದು ನನಗೆ ಹಿಡಿಸಲಿಲ್ಲ. ಹಾಲಿನಲ್ಲಿ ಅತ್ತೆ ಜಪಸರ ಹಿಡಿದು ಕೂತಿದ್ದರು.

"ಅತ್ತೆ, ನಾನು ಇವತ್ತು ದೂರ," ಎಂದೆ. "ಉಪ್ಪಿಟ್ಟು ಮೊದಲೇ ಆಗಿದೆ. ಕ್ಲಾಸಿಗೆ ಹೋಗಿ ಬರ್ತೀನಿ."

"ಎಲ್ಲಿಗೆ?"

"ಕ್ಲಾಸಿಗೆ."

"ಈ ಮೈಯಲ್ಲಿ ಹೊಸಿಲು ದಾಟಿ ಹೋಗ್ತೀಯ?"

"ಇಲ್ಲಿ ನಾನು ಏನೂ ಮುಟ್ಟೋ ಹಾಗಿಲ್ಲ. ಒಲೆ ಇಲ್ಲ, ನೀರಿಲ್ಲ, ದೇವರಿಲ್ಲ. ಮಗು ತಲೆ ಬಾಚೋ ಹಾಗಿಲ್ಲ. ನಂದು ಏನು ಕೆಲಸ ಇದೆ ಮನೇಲಿ, ಹೇಳಿ. ಕೂತು ಗೋಡೆ ನೋಡೋ ಹೊತ್ತಿನಲ್ಲಿ ಬೋರ್ಡು ನೋಡ್ತೀನಿ."

ಅತ್ತೆ ಸರ ಕೆಳಗಿಟ್ಟರು. "ಕಲಾಯಿಯವನ ಕೆಲಸ ಕಲಿಯೋಕೆ ಏಳು ಸಮುದ್ರ ದಾಟಿ ಬರಬೇಕಿತ್ತೇನಮ್ಮ? ನಮ್ಮ ಬೀದಿ ಸಾಬರ ಹತ್ರ ಹೇಳಿದ್ದಿದ್ರೆ ಅಲ್ಲೇ ಹೇಳಿಕೊಡ್ತಿದ್ದರು."

"ಅಲ್ಲಿ ನೀವು ಕಳಿಸ್ತಿದ್ರಾ?"

ಸೋಫಾದಲ್ಲಿ ಶೂ ಹಾಕಿಕೊಳ್ಳುತ್ತಿದ್ದ ಇವರು ಒಂದು ಶೂವಿನ ಲೇಸನ್ನು ಬಹಳ ಹೊತ್ತು ಕಟ್ಟಿದರು. "ನಾನು ಬೇಕಾದ್ರೆ ಮೇಷ್ಟ್ರಿಗೆ ಫೋನ್ ಮಾಡಿ ಹುಷಾರಿಲ್ಲ ಅಂತ ಹೇಳ್ತೀನಿ," ಎಂದರು.

"ನನಗೆ ಹುಷಾರಿದೆ," ಎಂದೆ. "ಚೆನ್ನಾಗೇ ಇದೆ."

ಅತ್ತೆಯ ನ್ಯೂಸ್‌ಪೇಪರು ತುಳಿಯದೆ ಪಕ್ಕಕ್ಕೆ ಕಾಲಿಟ್ಟು ಬಾಗಿಲವರೆಗೆ ಹೋದೆ. ಹೊರಟದ್ದೇನೋ ಹೊರಟೆ, ಪೇಪರಿನ ಮೇಲೆ ಕಾಲಿಡುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

ಕ್ಲಾಸಿನಲ್ಲಿ ಇಬ್ಬರಿಗೆ ಒಂದು ಮೇಜು, ಒಂದು ಬೆಸುಗೆ ಕಡ್ಡಿ, ತಂತಿ ಕತ್ತರಿಸಲು ಒಂದು ಕಟ್ಟರು. ಒಬ್ಬಳು ಬೆಸುಗೆ ಹಾಕುವಾಗ ಇನ್ನೊಬ್ಬಳು ಬಿಡಿಭಾಗ ಆರಿಸಿ ಕೊಡಬೇಕು. ನನ್ನ ಜೊತೆಯವಳು ಮೆಕ್ಸಿಕೋ ಕಡೆಯ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವಳು. ಸ್ಯಾನ್ ಹೊಸೆಯಲ್ಲಿ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಇಪ್ಪತ್ತು ಬೇಸಿಗೆ ದುಡಿದವಳು. ಅದು ಮುಚ್ಚಿಹೋಗಿ ಇಲ್ಲಿಗೆ ಬಂದಿದ್ದಳು. ಅವಳ ಇಂಗ್ಲಿಷು ಅವಳ ಊರಿನದು, ನನ್ನದು ನನ್ನ ಊರಿನದು. ಇಬ್ಬರಿಗೂ ಸಾಕಾಗುವಷ್ಟು ತಿಳಿಯುತ್ತಿತ್ತು. ಇಲ್ಲಿ ನಮ್ಮ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ಆ ದಿನ ಬೆಸುಗೆಯ ಸರದಿ ಅವಳದು. ಕಟ್ಟರು ಕೇಳಿದಳು. ನಾನು ತೆಗೆದು ಮೇಜಿನ ಮೇಲೆ ಇಟ್ಟು ಕೈ ಹಿಂದಕ್ಕೆ ಎಳೆದುಕೊಂಡೆ. ಅವಳು ತೆಗೆದುಕೊಂಡಳು. ಮತ್ತೆ ಕೇಳಿದಳು, ಮತ್ತೆ ಹಾಗೇ ಇಟ್ಟೆ. ಆಮೇಲೆ ಬಣ್ಣದ ಪಟ್ಟಿಗಳಿದ್ದ ಸಣ್ಣ ರೆಸಿಸ್ಟರು ಬೇಕಾಯಿತು. ಅಂಗೈ ಚಾಚಿದಳು. ನಾನು ಒಂದು ಗೇಣು ಮೇಲಿನಿಂದ ಅದನ್ನು ಅವಳ ಅಂಗೈಗೆ ಬೀಳಿಸಿದೆ.

ಹಾಗೆ ಮಾಡುತ್ತಿದ್ದೇನೆ ಎಂದು ನನಗೆ ನಿಜವಾಗಿ ಗೊತ್ತೇ ಇರಲಿಲ್ಲ. ಮೂರನೆಯದನ್ನು ಬೀಳಿಸುವಾಗ ಅವಳು ಮುಷ್ಟಿ ಮುಚ್ಚಿದಳು. ರೆಸಿಸ್ಟರು ನೆಲಕ್ಕೆ ಬಿತ್ತು.

"ನನ್ನ ಕೈಗೆ ಏನಾಗಿದೆ?" ಎಂದಳು.

ನಾನು ಬಾಯಿ ತೆರೆಯುವುದರೊಳಗೆ ಅವಳು ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎದ್ದು ನಿಂತಳು. "ಫ್ಯಾಕ್ಟರಿಯಲ್ಲಿ ನಮ್ಮ ಸೂಪರ್‌ವೈಸರ್ ಹೀಗೇ ಗ್ಲೋವ್ಸ್ ಎಸೆಯುತ್ತಿದ್ದಳು. ಇಪ್ಪತ್ತು ವರ್ಷ ಅವಳ ಮುಖ ನೋಡಿದ್ದೇನೆ. ಇಲ್ಲಿ ನಿನ್ನದು ನೋಡಬೇಕಾಗಿಲ್ಲ." ಮೇಷ್ಟ್ರನ್ನು ಕರೆದು, ನನಗೆ ಬೇರೆ ಜೊತೆ ಕೊಡಿ ಎಂದಳು.

ಮೇಷ್ಟ್ರು ವಯಸ್ಸಾದವರು, ಹಿಂದೆ ಹಡಗಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಜಗಳ ಕಂಡರೆ ಅವರಿಗೆ ತಲೆನೋವು. ಇಬ್ಬರನ್ನೂ ನೋಡಿ, "ಬೇರೆ ಮೇಜಿಲ್ಲ, ಬೇರೆ ಜೋಡಿಯಿಲ್ಲ. ಬ್ರೇಕಿನಲ್ಲಿ ಸರಿಮಾಡಿಕೊಳ್ಳಿ. ಆಗದಿದ್ದರೆ ನಿಮ್ಮಲ್ಲಿ ಒಬ್ಬರು ಕ್ಲಾಸು ಬಿಡಬೇಕಾಗುತ್ತದೆ," ಎಂದರು. ಒಬ್ಬರು ಯಾರು ಎಂದು ಹೇಳಲಿಲ್ಲ. ಹಾಜರಿ ಹಾಳೆ ಬಾಗಿಲಲ್ಲೇ ನೇತಾಡುತ್ತಿತ್ತು.

ಅತ್ತೆಯನ್ನು ಎದುರಿಸಿ ಬಂದ ನಾನು ಬ್ರೇಕಿನ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಕಳೆದುಕೊಳ್ಳುವ ಹಾಗಾಗಿತ್ತು. ಅವಳು ಆಟದ ಮೈದಾನದ ಪಕ್ಕದ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದ್ದಳು. ನಾನು ಹೋಗಿ ಎದುರಿಗೆ ನಿಂತೆ.

"ನಿನ್ನ ಕೈಗೆ ಏನೂ ಆಗಿಲ್ಲ," ಎಂದೆ. "ನನ್ನ ಕೈ."

"ಸುಟ್ಟುಕೊಂಡೆಯಾ?"

"ಇಲ್ಲ. ತಿಂಗಳಿನದು. ಇವತ್ತು ಬೆಳಿಗ್ಗೆ ಶುರುವಾಯಿತು."

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಅದಕ್ಕೂ ಕಟ್ಟರಿಗೂ ಏನು ಸಂಬಂಧ?"

ಹೇಳಿದೆ. ಚಾಪೆ, ತಟ್ಟೆ, ನ್ಯೂಸ್‌ಪೇಪರು, ಮೂರು ದಿನ, ಏನನ್ನೂ ಯಾರ ಕೈಗೂ ಕೊಡದೆ ನೆಲದ ಮೇಲಿಟ್ಟು ಸರಿಯುವುದು, ಇಲ್ಲವೆ ಮೇಲಿನಿಂದ ಹಾಕುವುದು. ಹೇಳುತ್ತ ಹೋದ ಹಾಗೆ ನನಗೇ ಅದು ಯಾವುದೋ ಬೇರೆಯವರ ಮನೆಯ ಕಥೆಯಂತೆ ಕೇಳಿಸಿತು.

"ಹಾಗಾದರೆ ಕೊಳಕಾದವಳು ನೀನು, ನಾನಲ್ಲ," ಎಂದಳು.

"ನಮ್ಮ ಶಾಸ್ತ್ರದ ಪ್ರಕಾರ ಹೌದು."

"ನೀನು ನಂಬುತ್ತೀಯಾ?"

"ನಂಬಿದ್ದರೆ ಇವತ್ತು ಬರುತ್ತಿರಲಿಲ್ಲ."

"ನೀನು ಬಂದಿದ್ದೀಯ. ನಿನ್ನ ಕೈ ಇನ್ನೂ ಮನೆಯಲ್ಲೇ ಇದೆ," ಎಂದು ಡಬ್ಬಿಯ ಮುಚ್ಚಳ ಹಾಕಿದಳು. "ಹೋಗಿ ಕರೆದುಕೊಂಡು ಬಾ. ಹತ್ತೂ ಮುಕ್ಕಾಲಿಗೆ ನನಗೆ ಇನ್ನೂ ಹನ್ನೆರಡು ರೆಸಿಸ್ಟರು ಬೇಕು."

ಒಂದು ಮಾತನ್ನು ಮಾತ್ರ ಅವಳಿಗೆ ಅಂದು ಹೇಳಲಿಲ್ಲ. ಮೇಲಿನಿಂದ ಬೀಳಿಸುವುದನ್ನು ನನ್ನ ಕೈ ಮುಟ್ಟಿನ ಮೂರು ದಿನದಿಂದ ಮಾತ್ರ ಕಲಿತದ್ದಲ್ಲ. ನಮ್ಮ ತಾಯಿಯ ಮನೆಯ ಹಿತ್ತಿಲು ಗುಡಿಸಲು ಬರುತ್ತಿದ್ದ ಹೆಂಗಸಿಗೆ ತಂಗಳನ್ನವನ್ನು ನಾನು ಹಾಗೇ ಹಾಕುತ್ತಿದ್ದೆ, ಎಂಟು ವರ್ಷದವಳಾಗಿದ್ದಾಗಿನಿಂದ, ತಿಂಗಳ ಮೂವತ್ತು ದಿನವೂ. ಅವಳೂ ಸೆರಗು ಚಾಚಿ ಹಿಡಿಯುತ್ತಿದ್ದಳು. ನನ್ನ ಕೈಗೆ ಏನಾಗಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನಮ್ಮ ಮನೆಯಲ್ಲಿ ಏನಾಗುತ್ತಿತ್ತೆಂದು ನನಗೆ ಗೊತ್ತು. ಆದ್ದರಿಂದ ಅತ್ತೆಯೊಬ್ಬರನ್ನೇ ಬೈದುಕೊಂಡು ಸುಮ್ಮನಾಗುವ ಹಕ್ಕು ನನಗಿರಲಿಲ್ಲ.

ಬ್ರೇಕಾದ ಮೇಲೆ ಮೇಜಿಗೆ ಕೂತೆವು. ಅವಳು ಬೋರ್ಡಿನಿಂದ ಕಣ್ಣೆತ್ತದೆ ಅಂಗೈ ಚಾಚಿದಳು. ನಾನು ರೆಸಿಸ್ಟರನ್ನು ಚಿಮಟಿಯಿಂದಲ್ಲ, ಬೆರಳಿನಿಂದ ಎತ್ತಿ ಅವಳ ಅಂಗೈಯಲ್ಲಿ ಒತ್ತಿ ಇಟ್ಟೆ. ಎರಡನೆಯ ಸಲ ಕೈ ಹಿಂದಕ್ಕೆ ಬರಲು ನೋಡಿತು, ಅವಳು ಥಟ್ಟನೆ ಬೆರಳು ಹಿಡಿದುಕೊಂಡಳು. "ಎಲ್ಲಿಗೆ ಓಡ್ತೀಯ," ಎಂದಳು. ಹನ್ನೆರಡನೆಯದಕ್ಕೆ ನನ್ನ ಲಕ್ಷ್ಯ ಕೈಯ ಮೇಲಿರಲಿಲ್ಲ, ಬಣ್ಣದ ಪಟ್ಟಿಗಳ ಮೇಲಿತ್ತು. ಒಂದು ತಪ್ಪು ಕೊಟ್ಟಿದ್ದೆ, ಬೈಸಿಕೊಂಡೆ. ಮೇಷ್ಟ್ರು ದೂರದಿಂದ ನೋಡಿ ಇನ್ನೊಂದು ಮೇಜಿಗೆ ಹೋದರು. ಹನ್ನೆರಡು ಗಂಟೆಗೆ ಹೋಗುವ ಹೊತ್ತು ಬರೆದು ಸಹಿ ಹಾಕಿದೆ.

ಮನೆಗೆ ಬಂದಾಗ ಅತ್ತೆ ಅನ್ನ, ತಿಳಿಸಾರು ಮಾಡಿದ್ದರು. ಉರಿ ಕಾಣದ ಆ ಕರೆಂಟಿನ ಒಲೆ ಅವರಿಗೆ ಆಗದು. ಅನ್ನ ತಳ ಹಿಡಿದಿತ್ತು. ದೂರದಿಂದ ಬಡಿಸಿದರು, ಕೋಣೆಯ ಬಾಗಿಲಲ್ಲಿ ಕೂತು ಉಂಡೆ.

ಸಾಯಂಕಾಲ ಮಗಳು ಸ್ಕೂಲಿನಿಂದ ಬಂದು ಹೋಮ್‌ವರ್ಕು ಹರಡಿಕೊಂಡಿದ್ದಳು. ಇವರು ಇನ್ನೂ ಬಂದಿರಲಿಲ್ಲ. ಅತ್ತೆ ಸೋಫಾದಲ್ಲಿ ಕೂತು, ಕೋಣೆಯಲ್ಲಿದ್ದ ನನಗೆ ಕೇಳಿಸುವ ಹಾಗೆ ಹೇಳಿದರು:

"ನಾಳೆಯೂ ಹೋಗ್ತೀಯೇನು?"

"ಹೋಗ್ತೀನಿ. ನಾಡಿದ್ದೂ ಹೋಗ್ತೀನಿ."

"ನೋಡಮ್ಮ, ದೂರ ಕೂರೋದಾದ್ರೆ ಪೂರ್ತಿ ಕೂರು. ಬೀದೀಲಿ ಎಲ್ಲರನ್ನೂ ಮುಟ್ಟಿ ಬಂದು ಮನೇಲಿ ಚಾಪೆ ಮೇಲೆ ಕೂರೋದು ಯಾವ ಸೀಮೆ ಶಾಸ್ತ್ರ? ಅರ್ಧಂಬರ್ಧ ನನಗೆ ಆಗಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

"ನೀವು ಹೇಳೋದು ಸರಿ, ಅತ್ತೆ," ಎಂದೆ. "ಅರ್ಧ ನನಗೂ ಬೇಡ."

ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಿದೆ. ಮುಖ ಕೈಕಾಲು ತೊಳೆದು, ನ್ಯೂಸ್‌ಪೇಪರಿನ ಮೇಲೇ ನಡೆದು ಅಡಿಗೆಮನೆಗೆ ಹೋದೆ. ಕುಕ್ಕರಿಗೆ ಅಕ್ಕಿ ಹಾಕಿ ನಲ್ಲಿ ತಿರುಗಿಸಿದೆ. ಮಗಳು ಪೆನ್ಸಿಲ್ಲು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಅಮ್ಮಾ, ಆರ್ ಯೂ ಅಲೌಡ್?" ಎಂದಳು.

"ಹೂಂ. ಹುರುಳಿಕಾಯಿ ನಾರು ತೆಗಿ ಬಾ."

ಅತ್ತೆ ಎದ್ದರು. ಪೇಪರಿನ ಮೇಲೆ ಬರಲಿಲ್ಲ, ಅದೀಗ ನಾನು ತುಳಿದದ್ದು. ಕಾರ್ಪೆಟ್ಟಿನ ಮೇಲೂ ಮುಂದೆ ಕಾಲಿಡಲಾರದೆ ಸೋಫಾದ ಪಕ್ಕ ಹಾಗೇ ನಿಂತರು. ಕೂಗುತ್ತಾರೆ ಎಂದುಕೊಂಡಿದ್ದೆ. ಅವರು ಕೂಗಲಿಲ್ಲ.

"ಹನ್ನೆರಡನೇ ವಯಸ್ಸಿಗೆ ನಿಮ್ಮ ಮಾವನ ಮನೆಗೆ ಬಂದೆ," ಎಂದರು. "ಹದಿನಾರು ಜನರ ಅಡಿಗೆ. ಆ ಮೂರು ದಿನ ಇಲ್ಲದೇ ಹೋಗಿದ್ರೆ ನನಗೆ ಬೆನ್ನು ಚಾಚೋದು ಏನು ಅಂತಲೇ ಗೊತ್ತಾಗ್ತಿರಲಿಲ್ಲ. ಅದು ನನ್ನದಾಗಿತ್ತು. ನೀನು ಅದನ್ನ ಕಸದ ಥರ ಎಸೀತಿದ್ದೀಯ."

ನೀರು ಅಕ್ಕಿಯ ಮೇಲೆ ಏರುವವರೆಗೂ ನೋಡುತ್ತ ನಿಂತೆ.

"ನಿಮಗೆ ಮೂರು ದಿನ ಬಿಟ್ಟಿದ್ರು, ಅತ್ತೆ. ನನಗೆ ಮೂವತ್ತೂ ಬೇಕು," ಎಂದೆ.

"ದುರಾಸೆ."

"ಇರಲಿ."

"ಈ ಅಡಿಗೆ ನಾನು ಮುಟ್ಟಲ್ಲ."

"ಬೇಡ. ನಿಮಗೆ ಬಲವಂತ ಮಾಡಲ್ಲ. ನೀವೂ ನನಗೆ ಮಾಡಬೇಡಿ."

ಇವರು ಆರೂವರೆಗೆ ಬಂದರು. ಕುಕ್ಕರು ಕೂಗುತ್ತಿತ್ತು, ನಾನು ಒಲೆಯ ಮುಂದೆ ಇದ್ದೆ, ಅವರ ತಾಯಿ ಹಾಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬ್ರೀಫ್‌ಕೇಸು ಹಿಡಿದುಕೊಂಡೇ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿದರು.

"ಏನು ನಡೀತಿದೆ ಇಲ್ಲಿ?"

"ಅಡಿಗೆ," ಎಂದೆ. "ನಿಮಗೆ ಬಡಿಸಲೋ, ಅಮ್ಮನ ಜೊತೆ ಉಪವಾಸವೋ, ಈಗಲೇ ಹೇಳಿಬಿಡಿ. ಅಳತೆ ನೋಡಿ ಸಾರಿಗೆ ನೀರು ಹಾಕ್ತೀನಿ."

ಅವರು ಬಹಳ ಹೊತ್ತು ಟೈ ಬಿಚ್ಚಿದರು. ಆಮೇಲೆ ಹೇಳಿದರು, "ನನಗೂ ಸೇರಿಸಿ ಹಾಕು."

ಅತ್ತೆ ಇರುವವರೆಗೂ ಇದು ಸರಿಹೋಗಲಿಲ್ಲ. ಉಳಿದ ತಿಂಗಳುಗಳಲ್ಲೂ ಆ ಮೂರು ದಿನ ಅವರು ನನ್ನ ಕೈಯದನ್ನು ತಿನ್ನಲಿಲ್ಲ, ನಾನೂ ಚಾಪೆ ಹಾಸಲಿಲ್ಲ. ಮೈಸೂರಿಗೆ ಹೋಗಿ ನೆಂಟರಲ್ಲೆಲ್ಲ ಹೇಳಿಕೊಂಡರಂತೆ. ಹೇಳಲಿ. ಬುಧವಾರ ಸಹಿ ಹಾಕಿದೆ, ಗುರುವಾರ ಸಹಿ ಹಾಕಿದೆ, ಕೋರ್ಸು ಮುಗಿಯುವವರೆಗೆ ಇನ್ನೊಂದು ದಿನವೂ ತಪ್ಪಿಸಲಿಲ್ಲ.

ಆ ಮಂಗಳವಾರ ರಾತ್ರಿ ನಾವು ಮೂವರು ಅನ್ನ, ಟೊಮೇಟೊ ಸಾರು, ಹುರುಳಿಕಾಯಿ ಪಲ್ಯ, ಸುಟ್ಟ ಹಪ್ಪಳ ಉಂಡೆವು. ಮಗಳು ಪಲ್ಯ ಎರಡು ಸಲ ಹಾಕಿಸಿಕೊಂಡಳು. ಅತ್ತೆ ಎರಡು ಬಾಳೆಹಣ್ಣು ತಿಂದು, ಹೊಸ ಪೇಪರು ಹಾಸಿಕೊಂಡು ಅಡಿಗೆಮನೆಗೆ ಹೋಗಿ ತಾವೇ ಬೇರೆ ಪಾತ್ರೆಯಲ್ಲಿ ಕಾಯಿಸಿಕೊಂಡ ಹಾಲು ಕುಡಿದರು. ಪಾತ್ರೆ ಇವರು ತೊಳೆದರು, ಸದ್ದು ಮಾಡಿಕೊಂಡು. ಎಂಟೂವರೆಗೆ ನನ್ನ ಮಂಚದಲ್ಲಿ ನನ್ನ ದಿಂಬಿಗೆ ತಲೆಯಿಟ್ಟೆ. ಆ ಮನೆಯಲ್ಲಿ ಅಂದು ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು.